ಎರಡು ಕಡೆ ಇಳಿದು ಹತ್ತುವ ಟಿಕೆಟ್

ಹಿರಿಯ ಸೊಸೆಗೆ ವಿಮಾನದ ಟಿಕೆಟ್ ಮಾಡಿಸಿಕೊಡುವ ಕಚೇರಿಯಲ್ಲಿ ಕೆಲಸ. ಹನ್ನೊಂದು ವರ್ಷದಿಂದ ಊರವರನ್ನೆಲ್ಲ ವಿಮಾನ ಹತ್ತಿಸಿದ್ದಳು. ತಾನು ಒಂದು ಸಲವೂ ಹತ್ತಿರಲಿಲ್ಲ. ಯಾವ ನಗರ ಎಷ್ಟು ದೂರ, ಎಷ್ಟು ಗಂಟೆಯ ಹಾದಿ, ಎಲ್ಲ ನಾಲಿಗೆಯ ತುದಿಯಲ್ಲಿತ್ತು.

ಅವಳ ಮೈದುನ ದೂರದ ನಗರವೊಂದರ ಬಂದರಿನಲ್ಲಿ ಕ್ರೇನ್ ನಡೆಸುತ್ತಿದ್ದ. ವರ್ಷದ ಮೇಲೆ ಅವನಿಗೆ ಮನೆ ಸಿಕ್ಕಿತು, ಹೆಂಡತಿಯನ್ನು ಕರೆಸಿಕೊಳ್ಳುವುದೆಂದಾಯಿತು. ಕಿರಿಯ ಸೊಸೆ ಪಾಸ್‌ಪೋರ್ಟ್ ಹಿಡಿದು ಕಚೇರಿಗೇ ಬಂದಳು.

“ಅಕ್ಕಾ, ಎಷ್ಟು ದೂರ ಆಗತ್ತೆ?”

“ಎಂಟು ಸಾವಿರ ಕಿಲೋಮೀಟರು.”

“ನೋಡಿ, ಅವರು ಫೋಟೋ ಕಳಿಸಿದಾರೆ. ಅಡುಗೆಮನೆ ಕಿಟಕಿಯಿಂದ ಸಮುದ್ರ ಕಾಣತ್ತಂತೆ.”

ಹಿರಿಯವಳ ಅಡುಗೆಮನೆಯ ಕಿಟಕಿಗೆ ಕಾಣುತ್ತಿದ್ದುದು ಪಕ್ಕದ ಮನೆಯ ಗೋಡೆ. ನೇರ ವಿಮಾನಕ್ಕೆ ಒಂಬತ್ತೂವರೆ ಗಂಟೆ, ಸೀಟುಗಳೂ ಖಾಲಿ ಇದ್ದವು. ಅವಳು ಕಂಪ್ಯೂಟರ್ ಪರದೆಯನ್ನು ತನ್ನ ಕಡೆಗೆ ತಿರುಗಿಸಿಕೊಂಡಳು.

“ನೇರ ಹೋಗೋದ್ರಲ್ಲಿ ಸೀಟಿಲ್ಲ. ಎರಡು ಕಡೆ ಇಳಿದು ಹತ್ತಬೇಕು. ಇಪ್ಪತ್ತೆಂಟು ಗಂಟೆ.”

ಕಿರಿಯವಳು ಫೋನನ್ನು ಚೀಲಕ್ಕೆ ಹಾಕಿಕೊಂಡು, “ಆಗ್ಲಿ ಬಿಡಿ,” ಎಂದಳು. ಆ ರಾತ್ರಿ ಹಿರಿಯವಳಿಗೆ ಊಟ ರುಚಿಸಿತು.

ವಾರ ಕಳೆದಿರಲಿಲ್ಲ, ಅತ್ತೆ ಅವಳನ್ನು ಕರೆದರು. “ನಂಗೂ ಅದೇ ವಿಮಾನದಲ್ಲಿ ಒಂದು ಸೀಟು ಹಾಕ್ಸಮ್ಮ. ಮಗನ ಮುಖ ನೋಡಿ ವರ್ಷ ಆಯ್ತು.”

ಕುರ್ಚಿಯಿಂದ ಏಳಲು ಎರಡೆರಡು ಸಲ ಪ್ರಯತ್ನ ಪಡುವ ಮಂಡಿ ಅವರದು. ತಾನು ತೋಡಿದ ಗುಂಡಿಗೆ ಅತ್ತೆ ಬೀಳುವಂತಾಯಿತು. ಮರುದಿನ ಹಿರಿಯವಳು ಒಣಗಿದ ಬಟ್ಟೆ ಮಡಚುತ್ತಿದ್ದ ಕಿರಿಯವಳ ಪಕ್ಕ ಹೋಗಿ ಕೂತಳು.

“ಅವತ್ತು ಸೀಟಿತ್ತು. ನಾನೇ ಇಲ್ಲ ಅಂದೆ.”

“ಗೊತ್ತು,” ಎಂದಳು ಕಿರಿಯವಳು. “ಬಸ್ಸಲ್ಲೇ ಫೋನ್ ತೆಗ್ದು ನೋಡ್ದೆ.”

“ಮತ್ಯಾಕೆ ಸುಮ್ನಿದ್ದೆ?”

“ನೀವು ದಿನಾ ಬ್ಯಾಗ್ ಹಾಕ್ಕೊಂಡು ಕೆಲ್ಸಕ್ಕೆ ಹೊರಟಾಗ ನಂಗೂ ಹೊಟ್ಟೆ ಉರೀತಿತ್ತಕ್ಕ. ನಿಮ್ಮ ನೀಲಿ ಅಂಗಿ ಇಸ್ತ್ರಿ ಮಾಡೋವಾಗ ಸುಟ್ಟಿತಲ್ಲ, ಅದು ಕೈತಪ್ಪಿ ಆಗಿದ್ದಲ್ಲ.”

ಹಿರಿಯವಳು ಟವೆಲ್ ಒಂದನ್ನು ಮಡಚಿ ಮತ್ತೆ ಬಿಚ್ಚಿದಳು. “ಆ ಅಂಗಿ ನಂಗೆ ತುಂಬ ಇಷ್ಟ ಇತ್ತು.”

“ಗೊತ್ತು. ಅದಕ್ಕೇ ಸುಟ್ಟಿದ್ದು.”

ಇಬ್ಬರಿಗೂ ನಗು ಬಂತು, ಆದರೆ ಯಾರೂ ಜೋರಾಗಿ ನಗಲಿಲ್ಲ. ಹಿರಿಯವಳು ಹಳೆಯ ಟಿಕೆಟ್ ರದ್ದು ಮಾಡಿಸಿ, ನೇರ ವಿಮಾನದಲ್ಲಿ ಅಕ್ಕಪಕ್ಕದ ಎರಡು ಸೀಟು ಹಿಡಿದಳು. ಅತ್ತೆಗೆ ಗಾಲಿಕುರ್ಚಿಗೂ ಹೇಳಿಟ್ಟಳು.

ಅವರು ಹೊರಟ ಮರುದಿನ ಕಚೇರಿಯಲ್ಲಿದ್ದಾಗ ಅತ್ತೆಯ ಫೋನ್ ಬಂತು.

“ಸುಖವಾಗಿ ಬಂದ್ವಿ ಕಣಮ್ಮ. ಹೊತ್ತು ಹೋಗಿದ್ದೇ ಗೊತ್ತಾಗ್ಲಿಲ್ಲ. ಪಾಪ ಈ ಹುಡುಗಿ, ದಾರಿ ಉದ್ದಕ್ಕೂ ನನ್ನ ಕಾಲು ಒತ್ತುತ್ತಾನೇ ಇದ್ಲು. ಇಂಥಾ ಸೊಸೆ ಯಾರಿಗೆ ಸಿಗ್ತಾಳೆ ಹೇಳು?”

“ಒಳ್ಳೇದಾಯ್ತು ಅತ್ತೆ,” ಎಂದು ಫೋನ್ ಇಟ್ಟಳು. ಇಷ್ಟು ವರ್ಷ ಆ ಕಾಲಿಗೆ ದಿನವೂ ಎಣ್ಣೆ ತಿಕ್ಕಿದವಳು ತಾನು. ಒಂಬತ್ತೂವರೆ ಗಂಟೆ ಒತ್ತಿದವಳಿಗೆ ಹೆಸರು. ಎದುರಿಗೆ ಕೂತಿದ್ದ ಗಿರಾಕಿ ಏನೋ ಕೇಳಿದ; ಎರಡನೆಯ ಸಲ ಕೇಳಿದಾಗಲೇ ಅವಳಿಗೆ ಕೇಳಿಸಿದ್ದು.