ದೊರೆಸಾನಿಯ ಜಾಗ

ರಾಗಿಹಿಟ್ಟು ಬೆಂದು ಹದಕ್ಕೆ ಬಂದಿತ್ತು. ಜಯಕ್ಕ ಕವೆಗೋಲಿನಿಂದ ಪಾತ್ರೆಯನ್ನು ಅಲುಗದಂತೆ ಒತ್ತಿ ಹಿಡಿದು ಮುದ್ದೆಕೋಲು ತಿರುವುತ್ತಿದ್ದಳು. ಕೈ ಇಲ್ಲಿತ್ತು, ಮನಸ್ಸು ಜೋಗಿಮಟ್ಟಿ ದಾರಿಯ ಸೋಲ್ಜರ್ ಗೋರಿಗಳ ಕೊನೆಯ ಸಾಲಿನಲ್ಲಿ ಓಡಾಡುತ್ತಿತ್ತು.

"ಗಂಟಾಯ್ತು," ಎಂದಳು ಅತ್ತೆ ಮಲ್ಲಕ್ಕ. ಬಾಗಿಲ ಬಳಿ ಕೂತು ಅವರೆಕಾಯಿ ಬಿಡಿಸುತ್ತಿದ್ದವಳು ತಲೆಯನ್ನೂ ಎತ್ತಿರಲಿಲ್ಲ.

"ಇಲ್ಲ ಅತ್ತೆ."

"ಕೋಲಿನ ಸದ್ದೇ ಹೇಳ್ತೈತೆ ಕಣೇ. ಸತ್ತೋರ್ನ ಎಣಿಸ್ಕಂತ ಮುದ್ದೆ ತಿರುವಿದ್ರೆ ಗಂಟಾಗ್ದೆ ಇನ್ನೇನಾಗುತ್ತೆ?"

ನಿಜವಾಗಿಯೂ ಗಂಟಾಗಿತ್ತು. ಜಯಕ್ಕ ಅದನ್ನು ಪಾತ್ರೆಯ ಅಂಚಿಗೆ ಒತ್ತಿ ಒಡೆದಳು. ಅತ್ತೆಯ ಮಾತಿನ ಒಳಗಿದ್ದ ನೋವು ಅವಳಿಗೆ ಗೊತ್ತಿತ್ತು. ಒಂದು ವಾರದಿಂದ ಮಲ್ಲಕ್ಕ ಬೀದಿಯ ನಲ್ಲಿಗೆ ನೀರಿಗೆ ಹೋಗಿರಲಿಲ್ಲ. ಹೋದರೆ ಹೆಂಗಸರು, "ಏನ್ ಮಲ್ಲಕ್ಕ, ನಿಮ್ಮ ದೊರೆಸಾನಿಗೆ ಮೀಸೆ ಇತ್ತಂತೆ?" ಎಂದು ನಗುತ್ತಿದ್ದರು.

ಕಥೆ ಇಷ್ಟು. ಕೋಟೆಯನ್ನು ಇಂಗ್ಲಿಷ್ ಕಂಪನಿಯವರು ಹಿಡಿದುಕೊಂಡಿದ್ದ ಕಾಲದಲ್ಲಿ ಜ್ವರಕ್ಕೋ ಭೇದಿಗೋ ಸತ್ತ ಸೋಲ್ಜರುಗಳನ್ನು ಊರಾಚೆ ಹೂಳಿದ್ದರು. ಹೆಸರು ಕೆತ್ತಿದ ಕಲ್ಲುಗಳು ಒಂದೊಂದಾಗಿ ಯಾರದೋ ಮನೆಯ ಹೊಸ್ತಿಲಾಗಿ, ಯಾರದೋ ಬಚ್ಚಲ ಒಗೆಯುವ ಕಲ್ಲಾಗಿ ಹೊರಟುಹೋಗಿದ್ದವು. ಉಳಿದದ್ದು ಇಟ್ಟಿಗೆಯ ದಿಬ್ಬಗಳ ಸಾಲು. ಅದರಲ್ಲಿ ಕೊನೆಯ ಸಾಲಿನ ಒಂದು ಬೋಳು ಕಲ್ಲಿಗೆ ಊರ ಹೆಂಗಸರು ಯಾವ ಕಾಲದಿಂದಲೋ ಸುಣ್ಣ ಬಳಿದು ಅರಿಶಿನ ಹಚ್ಚುತ್ತಿದ್ದರು. ಹೆರಿಗೆಯಲ್ಲಿ ಸತ್ತ ದೊರೆಸಾನಿಯದು ಅದು, ಅವಳಿಗೆ ಮಡಿಲಕ್ಕಿ, ಹಸಿರು ಬಳೆ ಕೊಟ್ಟರೆ ಬಸಿರು ನಿಲ್ಲುತ್ತದೆ ಎಂಬ ನಂಬಿಕೆ. ಮಂಗಳವಾರದ ದೀಪ ಮಲ್ಲಕ್ಕನದು. ಎರಡು ಬಾರಿ ಬಸಿರು ಇಳಿದುಹೋಗಿ, ಜಯಕ್ಕ ಗೋಡೆಗೆ ಮುಖ ಮಾಡಿ ಮಲಗಿದ್ದ ದಿನಗಳಲ್ಲಿ ಅವಳನ್ನು ಕೈ ಹಿಡಿದು ಅಲ್ಲಿಗೆ ನಡೆಸಿಕೊಂಡು ಹೋದವಳೂ ಮಲ್ಲಕ್ಕನೇ. ಮರುವರ್ಷ ಮಗಳು ಹುಟ್ಟಿದಳು. ಜಯಕ್ಕ ನಂಬಿದ್ದಳೋ ಇಲ್ಲವೋ, ಆ ಕಲ್ಲಿನ ಮುಂದೆ ನಿಂತಾಗ ಅವಳಿಗೆ ಮೊದಲ ಸಲ ಅಳು ಬಂದಿತ್ತು. ಅಷ್ಟಂತೂ ನಿಜ.

ಈಗ, ಎಪ್ಪತ್ತನಾಲ್ಕರ ಜನವರಿಯಲ್ಲಿ, ಕಾಲೇಜಿನ ಇತಿಹಾಸದ ಲೆಕ್ಚರರ್ ಶಿವಕುಮಾರಪ್ಪ ಆ ಗೋರಿಗಳ ಬೆನ್ನು ಹತ್ತಿದ್ದರು. ಮದ್ರಾಸಿಗೆ ಹೋಗಿ ಸತ್ತವರ ದಾಖಲೆಯನ್ನು ಟೈಪು ಮಾಡಿಸಿ ತಂದಿದ್ದರು. ಒಬ್ಬೊಬ್ಬರಿಗೂ ಒಂದೊಂದು ಕಾರ್ಡು: ಹೆಸರು, ವಯಸ್ಸು, ಸತ್ತ ಕಾರಣ, ಗೋರಿಯ ನಂಬರು. ಅದರ ಜೊತೆಗೆ ನಂಬರು ಹಾಕಿದ ಹಳೆಯ ನಕ್ಷೆಯ ಒಂದು ಪ್ರತಿ. ಕೆಳಗಿನ ಗೆರೆ ಕಾಣುವ ಟ್ರೇಸಿಂಗ್ ಬಟ್ಟೆಯ ಮೇಲೆ ಎಂದೋ ಯಾರೋ ಮುನ್ಷಿ ತೆಗೆದದ್ದು, ಇಲ್ಲಿನ ಜಿಲ್ಲಾ ಕಚೇರಿಯಲ್ಲೇ ಸಿಕ್ಕಿತ್ತು. ಮೂಲ ಎಲ್ಲಿಯೂ ಇರಲಿಲ್ಲ. ಈ ಪ್ರತಿಯನ್ನು ನೆಲಕ್ಕೆ ಹೊಂದಿಸಿ ಹೊಸ ನಕ್ಷೆ ಬರೆಯುವ ಕೆಲಸ ಸರ್ವೆ ಕಚೇರಿಗೆ ಬಂತು. ಸರ್ವೆ ಕಚೇರಿಯಲ್ಲಿ ನಕ್ಷೆಗಳ ನಕಲು ತೆಗೆಯುವ ಟ್ರೇಸರ್ ಆಗಿದ್ದ ಜಯಕ್ಕನ ಮೇಜಿಗೆ ಬಂತು.

ಹಳ್ಳಿ ನಕ್ಷೆಗಳ ಗದ್ದೆಬದು, ಗುಂಡುತೋಪು ಎಳೆದೆಳೆದು ಬೇಸತ್ತಿದ್ದವಳಿಗೆ ಇದು ಹಬ್ಬವಾಯಿತು. ಆದರೆ ಯಾವುದೂ ಹೊಂದಲಿಲ್ಲ. ಓದಲು ಬರುವ ಒಂದೇ ಒಂದು ಕಲ್ಲು ಉಳಿದಿತ್ತು, ಒಬ್ಬ ಲೆಫ್ಟಿನೆಂಟನದು. ನಕ್ಷೆಯ ಪ್ರಕಾರ ಅವನು ಸಾಲಿನ ಈ ತುದಿಯಲ್ಲಿರಬೇಕು, ಕಲ್ಲು ಆ ತುದಿಯಲ್ಲಿತ್ತು. "ಯಾರೋ ಕಲ್ಲು ಎತ್ತಿ ಆ ಕಡೆ ಹಾಕಿದಾರೆ," ಎಂದರು ಶಿವಕುಮಾರಪ್ಪ. ಅರಿಶಿನದ ಕಲ್ಲಿನ ಜಾಗಕ್ಕೆ ನಕ್ಷೆ ತೋರಿಸಿದ ನಂಬರಿನ ಕಾರ್ಡು ತೆಗೆದಾಗ ಅವರು ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಕುಡಿದು ಕೋಟೆಗೋಡೆಯಿಂದ ಬಿದ್ದು ಸತ್ತ ಸೋಲ್ಜರ್!

ನಗು ಕಚೇರಿಯಿಂದ ಬೀದಿಗೆ ಹರಿಯಿತು. ಅದರ ಹಿಂದೆಯೇ ಅವರ ತೀರ್ಮಾನವೂ ಬಂತು. ಬೇಲಿ ಬರುತ್ತದೆ, ಶುಕ್ರವಾರ ಗೋರಿಗಳಿಗೆ ಹೆಸರಿನ ಫಲಕ ಬೀಳುತ್ತದೆ. ಹೆಂಗಸಿನ ಗೋರಿಯಾದರೆ ಪೂಜೆ ನಡೆಯಲಿ, ತಮ್ಮದೇನೂ ಅಡ್ಡಿಯಿಲ್ಲ. ಸೋಲ್ಜರದಾದರೆ ಅರಿಶಿನ ತೊಳೆದು ಫಲಕ ಹಾಕಿ ಬೇಲಿಯ ಬಾಗಿಲು ಮುಚ್ಚುವುದೇ.

"ನೀನು ಓದಿದೋಳು," ಎಂದಿದ್ದಳು ಮಲ್ಲಕ್ಕ ಅವತ್ತು. "ಸರಿಯಾಗಿ ನೋಡಿ ಹೇಳು. ಅಲ್ಲಿ ಅವಳೇ ಅದಾಳೋ ಇಲ್ವೋ. ನನ್ ಮುಲಾಜು ನೋಡ್ಬೇಡ."



ಮುದ್ದೆ ಕಟ್ಟಿಟ್ಟು, ಹೊಸದುರ್ಗದ ಬಸ್ಸಿನ ಕಂಡಕ್ಟರಾಗಿದ್ದ ಗಂಡನಿಗೆ ಬುತ್ತಿ ಕಟ್ಟಿ, ಮಗಳಿಗೆ ಜಡೆ ಹೆಣೆದು ಅವಳು ಕಚೇರಿಗೆ ಹೋದಾಗ, ಡ್ರಾಫ್ಟ್ಸ್‌ಮನ್ ನಜೀರ್ ಅಹಮದ್ ಆಗಲೇ ಬಂದು ಮಸಿಪೆನ್ನು ತೊಳೆಯುತ್ತಿದ್ದರು. ಕೂದಲು ನರೆತ, ಮಾತಿಗೊಂದು ಚಟಾಕಿ ಹಾರಿಸುವ ಮನುಷ್ಯ.

"ಬರ್ರಿ ಜಯಕ್ಕ, ಕುಂತ್ಕಳ್ರಿ. ನಿಮ್ ಸೋಲ್ಜರುಗಳು ಕಾಯ್ತಾ ಅವ್ರೆ."

"ಸಾಬ್ರೇ, ನಂಗೊಂದು ಗುಮಾನಿ. ಈ ನಕ್ಷೇಲಿ ನಂಬರು ಬಲದಿಂದ ಎಡಕ್ಕೆ ಹೋಗ್ತಾವೆ. ಎಲ್ಲಾ ಸಾಲೂ ಹಂಗೇ."

"ಹೂಂ. ಮುನ್ಷಿ ಬರೆದಿದ್ದು, ಉರ್ದು ಕೈ, ಅದಕ್ಕೇ ಬಲದಿಂದ ಎಡಕ್ಕೆ ಅಂತ ನಿಮ್ ಲೆಕ್ಚರರು ಫೈಸಲಾ ಮಾಡಿದ್ರಲ್ಲ."

"ನೀವೂ ಹೂಂ ಅಂದ್ರಿ."

"ಅಂದೆ. ದೊಡ್ಡೋರು ಹೇಳಿದ್ರು ಅಂತ ಅಂದೆ." ನಜೀರ್ ಅಹಮದ್ ಪೆನ್ನು ಕೆಳಗಿಟ್ಟರು. ಹಣೆ ಬಡಿದುಕೊಂಡರು. "ಅಲ್ರೀ! ಉರ್ದುದಾಗೂ ಅಂಕಿ ಬರೆಯಾದು ಎಡದಿಂದ ಬಲಕ್ಕೇ! ಅಕ್ಷರ ಮಾತ್ರ ಈ ಕಡೆಯಿಂದ. ಪಾಪ, ಆ ಮುನ್ಷಿ ತಲೆ ಮೇಲೆ ನಾವೆಲ್ಲ ಸೇರ್ಕಂಡು ಗೂಬೆ ಕೂರಿಸಿದ್ವಲ್ಲ!"

ಜಯಕ್ಕ ಬಟ್ಟೆಯನ್ನು ಮತ್ತೆ ಮೇಜಿನ ಮೇಲೆ ಹಾಸಿದಳು. ವಾರಗಟ್ಟಲೆ ನೋಡಿದ್ದ ಅದೇ ಅಂಕಿಗಳು. ಕಿಟಕಿಯ ಬೆಳಕು ಓರೆಯಾಗಿ ಬೀಳುತ್ತಿತ್ತು, ಆಗ ಅವಳಿಗೆ ಕಂಡಿತು. ಅಂಕಿಗಳೆಲ್ಲ ಹಿಂದಕ್ಕೆ, ಎಡಕ್ಕೆ ವಾಲಿದ್ದವು. ಮೂಲ ನಕ್ಷೆ ಇಂಗ್ಲಿಷರದು, ಆ ಕಾಲದ ಅವರ ಬರವಣಿಗೆ ಬಲಕ್ಕೆ ವಾಲುತ್ತದೆ. ಎಡಕ್ಕೆ ವಾಲುವುದು ಕನ್ನಡಿಯೊಳಗೆ ಮಾತ್ರ.

ಅವಳು ಪಟಕ್ಕನೆ ತಿರುಗಿದಳು. 

"ಸಾಬ್ರೇ, ಮಾಡದಕೆರೆಯ ಹಳೇ ನಕ್ಷೆ ಬಂದಿತ್ತಲ್ಲ, ಮುಂದಿನ ಮಸಿ ಪೂರಾ ಅಳಿಸಿಹೋಗಿತ್ತು. ನಾವೇನು ಮಾಡಿದ್ವಿ?"

"ಬೋರಲು ಹಾಕಿದ್ವಿ. ಹಳೇ ಮಸಿ ಹಾಳೆ ಕಚ್ಕಂಡು ಹಿಂದಕ್ಕೆ ಮೂಡಿರುತ್ತೆ. ಹಿಂದಿನಿಂದ ಟ್ರೇಸ್ ಮಾಡಿ, ಕೊನೆಗೆ ಬಟ್ಟೆ ಮಗುಚಿ..." ನಜೀರ್ ಅಹಮದ್ ಮಾತು ಅರ್ಧಕ್ಕೇ ನಿಂತಿತು. "ಯಾ ಅಲ್ಲಾ."

"ಆ ಮುನ್ಷಿ ಮಗುಚೋದು ಮರೆತಿದಾನೆ! ಹಾಳೆ ಬೋರಲು ಹಾಕ್ಕಂಡು ಹಿಂದಿನಿಂದ ಎಳೆದಿದಾನೆ. ಅಂಕಿ ಉಲ್ಟಾ ಕಂಡಾವೆ. ಕೈಗೆ ರೂಢಿ ಅಲ್ವಾ, ಒಂದೊಂದನ್ನೂ ನೆಟ್ಟಗೆ ಮಾಡ್ಕಂಡು ಬರೆದಿದಾನೆ. ವಾಲಾಟ ಮಾತ್ರ ಹಂಗೇ ಉಳಿದೈತೆ. ಇಡೀ ಸ್ಮಶಾನನೇ ಎಡಬಲ ಆಗೈತೆ ಸಾಬ್ರೇ!"

ಅವಳು ಬಟ್ಟೆಯನ್ನು ಮಗುಚಿ ಕಿಟಕಿಯ ಗಾಜಿಗೆ ಒತ್ತಿ ಹಿಡಿದಳು. ಸಾಲುಗಳು ಎಡದಿಂದ ಬಲಕ್ಕೆ, ಹಳ್ಳದ ಕಡೆಯಿಂದ ರಸ್ತೆಯ ಕಡೆಗೆ, ಜಾಣ ಮಕ್ಕಳ ಹಾಗೆ ನಿಂತವು. ಲೆಫ್ಟಿನೆಂಟನ ನಂಬರು ಅವನ ಕಲ್ಲಿದ್ದ ತುದಿಗೇ ಹೋಗಿ ಕೂತಿತು. ಆ ಕಲ್ಲನ್ನು ಯಾರೂ ಎತ್ತಿಯೇ ಇರಲಿಲ್ಲ. ಜಯಕ್ಕನಿಗೆ ಕುಣಿಯಬೇಕು ಅನ್ನಿಸಿತು. ಮದುವೆಯಾಗಿ ಬಂದ ಮೇಲೆ, ತನ್ನ ತಲೆಯೊಳಗೇ ಹುಟ್ಟಿದ ಒಂದು ವಿಷಯಕ್ಕೆ ಅವಳು ಹೀಗೆ ಹಿಗ್ಗಿದ್ದು ಇದೇ ಮೊದಲು.

"ಏಳ್ರಿ, ಹೋಗಾಣ," ಎಂದಳು.

"ಎಲ್ಲಿಗೆ? ಸಾಹೇಬ್ರು ಬರ್ತಾರೆ ಈಗ."

"ಬರ್ಲಿ. ಗೋರಿ ನೋಡಕ್ಕೆ ಹೋಗಿದಾರೆ ಅಂತ ಜವಾನ ಹೇಳ್ತಾನೆ."

ಸುದ್ದಿ ಹೋಗಿ ಶಿವಕುಮಾರಪ್ಪ ಪಾಠ ಬಿಟ್ಟು ಸೈಕಲ್ಲಿನಲ್ಲಿ ಬಂದರು. ಮೊಣಕಾಲೆತ್ತರದ ಒಣಹುಲ್ಲಿನಲ್ಲಿ ಮೂವರೂ ಟೇಪು ಹಿಡಿದು ಓಡಾಡಿದರು. ಹೆಜ್ಜೆ ಇಟ್ಟಲ್ಲೆಲ್ಲ ಮುಳ್ಳು. ಜಯಕ್ಕ ಸೀರೆ ಎತ್ತಿ ಸಿಕ್ಕಿಸಿಕೊಂಡಿದ್ದಳು. ಕಾರ್ಡು ನೋಡಿ ಅವಳು ನಂಬರು ಕೂಗುವುದು, ನಜೀರ್ ಅಹಮದ್ ಆ ದಿಬ್ಬದ ಮೇಲೆ ನಿಂತು "ಹಾಜರ್!" ಅನ್ನುವುದು. ದಾಖಲೆಯಲ್ಲಿ ಒಂದೇ ಗುಂಡಿಯಲ್ಲಿ ಹೂತ ಮೂವರಿದ್ದರು. ನೆಲದಲ್ಲಿ ಅದೇ ಜಾಗದಲ್ಲಿ ಮೂರು ಪಟ್ಟು ಅಗಲದ ದಿಬ್ಬವಿತ್ತು. ಶಿವಕುಮಾರಪ್ಪ ಟೊಪ್ಪಿ ತೆಗೆದು ಗಾಳಿಗೆ ಎಸೆದೇಬಿಟ್ಟರು. ಅದು ಜಾಲಿಮರಕ್ಕೆ ಸಿಕ್ಕಿಕೊಂಡಿತು.

"ಜಯಕ್ಕನೋರೇ, ನಾನು ಆ ಕಲ್ಲು ಎತ್ತಿಹಾಕಿದ ಕಳ್ಳನ ಮೇಲೆ ಒಂದು ಲೇಖನಾನೇ ಬರೆದಿದ್ದೆ ಕಣ್ರೀ! ಒಳ್ಳೇದಾಯ್ತು, ಇನ್ನೂ ಪೋಸ್ಟ್ ಮಾಡಿಲ್ಲ."

"ಟೊಪ್ಪಿ ತೆಗೆಯಾಕೆ ಈಗ ಯಾರು ಮರ ಹತ್ತೋರು ಸ್ವಾಮಿ?" ಎಂದರು ನಜೀರ್ ಅಹಮದ್.

ಕೊನೆಯ ಸಾಲು ಉಳಿದಿತ್ತು. ಜಯಕ್ಕ ಬೇಕೆಂದೇ ಅದನ್ನು ಕೊನೆಗೆ ಇಟ್ಟುಕೊಂಡಿದ್ದಳು. ಹಳ್ಳದ ಕಡೆಯಿಂದ ಎಣಿಸುತ್ತಾ ಬಂದಳು. ದಾಖಲೆಯಲ್ಲಿದ್ದ ಒಬ್ಬಳೇ ಹೆಂಗಸಿನ ಕಾರ್ಡು ಅವಳ ಕೈಯಲ್ಲಿ ಬೆವರಿಗೆ ಮೆತ್ತಗಾಗಿತ್ತು. ಸಾರ್ಜೆಂಟನ ಹೆಂಡತಿ ಮಾರ್ಗರೆಟ್, ಹೆರಿಗೆಯಲ್ಲಿ, ಕೂಸಿನ ಸಮೇತ. ಅವಳೇ ಆಗಿರಲಿ, ಅವಳೇ ಆಗಿರಲಿ ಎಂದು ಮನಸ್ಸು ಬಡಿದುಕೊಳ್ಳುತ್ತಿತ್ತು. ಅರಿಶಿನದ ಕಲ್ಲಿಗೆ ಬಂದು ಮುಟ್ಟಿದಾಗ ಕೈಗೆ ಬಂದದ್ದು ಬೇರೆ ಕಾರ್ಡು.

ಥಾಮಸ್. ಪಡೆಯ ಮುಂದೆ ಡೋಲು ಬಾರಿಸುವ ಹುಡುಗ. ವಯಸ್ಸು ಹದಿಮೂರು. ಜ್ವರ.

ಮಾರ್ಗರೆಟ್ ಅದರ ಪಕ್ಕದ್ದು. ಅಲ್ಲಿ ದಿಬ್ಬವೂ ಇರಲಿಲ್ಲ, ಇಟ್ಟಿಗೆಯೂ ಇರಲಿಲ್ಲ. ಬರೀ ನೆಲ. ತುಳಿದು ತುಳಿದು ಹುಲ್ಲು ಹುಟ್ಟುವುದನ್ನೇ ಬಿಟ್ಟಿದ್ದ ನೆಲ. ಮಡಿಲಕ್ಕಿ ತಂದ ಹೆಂಗಸರು ಕಲ್ಲಿನತ್ತ ಬಾಗಲು ನಿಲ್ಲುತ್ತಿದ್ದ ಜಾಗ ಅದೇ. ಜಯಕ್ಕನೂ ಅಲ್ಲೇ ನಿಂತು ಅತ್ತಿದ್ದಳು.

ಅವಳು ಪಕ್ಕಕ್ಕೆ ಸರಿದು ನಿಂತಳು.  ಥಾಮಸನ ತಾಯಿ ಎಲ್ಲೋ ಸಮುದ್ರದಾಚೆ, ಮಗ ಇಲ್ಲಿ. ಇಷ್ಟು ಕಾಲ ಊರ ಹೆಂಗಸರ ಬಳೆ, ಅಕ್ಕಿ, ದೀಪ ಎಲ್ಲಾ ಈ ಹುಡುಗನಿಗೆ ಬಂದಿದ್ದವು. ಅದೇನೂ ದಂಡವಾಗಲಿಲ್ಲ ಅನ್ನಿಸಿತು ಅವಳಿಗೆ. ಆದರೆ ಅಷ್ಟು ಹತ್ತಿರದಲ್ಲಿ, ಕಾಲಡಿಯಲ್ಲಿ, ಆ ಹೆಂಗಸು ತನ್ನ ಕೂಸನ್ನು ತಬ್ಬಿಕೊಂಡು ಯಾರಿಂದಲೂ ಕೈ ಮುಗಿಸಿಕೊಳ್ಳದೆ ಮಲಗಿದ್ದಳು.

"ಹುಡುಗನ ಹೆಸರು ಹುಡುಗನಿಗೆ ಸಿಗಬೇಕು," ಎಂದರು ಶಿವಕುಮಾರಪ್ಪ. ಈ ಸಲ ಅವರು ನಗಲಿಲ್ಲ. "ಶುಕ್ರವಾರ ತೊಳೆದು ಫಲಕ ಹಾಕಾಣ. ಹೆಂಗಸರು ಬೇಕಾದ್ರೆ ಈ ಪಕ್ಕದ ಜಾಗಕ್ಕೆ ಪೂಜೆ ಮಾಡ್ಕಳ್ಲಿ, ನಾನು ಆಡಿದ ಮಾತು ತಪ್ಪಲ್ಲ. ಆದ್ರೆ ಬರೀ ನೆಲಕ್ಕೆ ಯಾರು ಕೈ ಮುಗೀತಾರೆ ಹೇಳ್ರಿ? ನಂಬಿಕೆ ಅನ್ನಾದು ನಕ್ಷೆ ನೋಡ್ಕಂಡು ಜಾಗ ಬದಲಾಯಿಸುತ್ತಾ?"

ಜಯಕ್ಕ ಪೆನ್ಸಿಲಿನಿಂದ ಎರಡು ನಂಬರನ್ನೂ ಅವುಗಳ ಜಾಗದಲ್ಲಿ ಬರೆದಳು.  ನಕ್ಷೆಯಲ್ಲಿ ಸುಳ್ಳು ಬರೆಯುವುದು ಅವಳಿಂದ ಆಗುವ ಕೆಲಸವಾಗಿರಲಿಲ್ಲ.

ಸಂಜೆ ಮನೆಗೆ ಬಂದಾಗ ಮಲ್ಲಕ್ಕ ಜಗಲಿಯ ಮೇಲೆ ಕೂತು ಬತ್ತಿ ಹೊಸೆಯುತ್ತಿದ್ದಳು, ನಾಳೆಯ ಮಂಗಳವಾರಕ್ಕೆ. ಸೊಸೆಯ ಸೀರೆಗೆ ಅಂಟಿದ ಹುಲ್ಲುಮುಳ್ಳು ನೋಡಿ ಎಲ್ಲಿಗೆ ಹೋಗಿದ್ದಳೆಂದು ಅವಳಿಗೆ ತಿಳಿದುಹೋಯಿತು. ಕೇಳಲು ಮಾತ್ರ ಧೈರ್ಯ ಬರಲಿಲ್ಲ. ಬತ್ತಿಯನ್ನು ಹೊಸೆದೇ ಹೊಸೆದಳು, ಅದು ದಾರದಷ್ಟು ಸಣ್ಣಗಾಗುವವರೆಗೆ.

"ಅತ್ತೆ," ಎಂದಳು ಜಯಕ್ಕ, "ಕುಡುಕ ಅಲ್ಲಿಲ್ಲ. ಆ ನಕ್ಷೆನೇ ಎಡಬಲ ಆಗಿತ್ತು. ದೊರೆಸಾನಿ ಇರಾದು ನಿಜ. ಕೂಸಿನ ಸಮೇತ ಅದಾಳೆ, ಆ ಕೊನೇ ಸಾಲಲ್ಲೇ. ಹೆಸರು ಮಾರ್ಗರೆಟ್ ಅಂತೆ."

ಮಲ್ಲಕ್ಕ ಬತ್ತಿ ಕೆಳಗಿಟ್ಟಳು. "ಕೂಸೂ ಐತಾ? ಅಯ್ಯೋ ನನ್ ತಾಯಿ. ಇಷ್ಟ್ ದಿನ ಕೂಸಿಗೆ ಒಂದ್ ತೊಟ್ಟು ಹಾಲು ಇಡ್ಲಿಲ್ವಲ್ಲೇ!" ಎನ್ನುತ್ತಲೇ ಎದ್ದು, ಖಾಲಿ ಕೊಡ ಸೊಂಟಕ್ಕೇರಿಸಿ ನಲ್ಲಿಯ ಕಡೆ ಹೊರಟಳು. ಮನೆಯಲ್ಲಿ ನೀರು ತುಂಬಿಯೇ ಇತ್ತು. ಬೀದಿಯ ತಿರುವಿನಿಂದಲೇ ಅವಳ ದನಿ ಕೇಳಿಸಿತು. "ಏನ್ರೇ, ಯಾರೇ ಅದು ಮೀಸೆ ಅಂದೋಳು? ಬಾರೇ ಈಕಡೆ!"

ಜಯಕ್ಕ ನಗುತ್ತಾ ಕಾಲು ತೊಳೆಯಲು ಹಿತ್ತಿಲಿಗೆ ಹೋದಳು. ನುಗ್ಗೆಮರದ ಬುಡದಲ್ಲಿ ಸವೆದು ಮೂಲೆಗೆ ಬಿದ್ದಿದ್ದ ರುಬ್ಬುವ ಗುಂಡು ಇತ್ತು. ನುಣುಪಾಗಿ, ಮಡಿಲಲ್ಲಿ ಹಿಡಿಯುವಷ್ಟು ಗಾತ್ರದ್ದು. ಅದನ್ನೇ ನೋಡುತ್ತಾ ನಿಂತಳು. ಈ ಊರಿನಲ್ಲಿ ಎಷ್ಟು ದೇವರು ಹೀಗೇ ಎದ್ದಿವೆ. ಹೊತ್ತು ಮೂಡುವ ಮೊದಲು ನೆಲದಲ್ಲಿ ಒಂದು ಕಲ್ಲು, ಅದಕ್ಕೊಂದಿಷ್ಟು ಅರಿಶಿನ, ಎರಡು ಹೂವು. ಮಿಕ್ಕದ್ದನ್ನು ಹೆಂಗಸರೇ ನೋಡಿಕೊಳ್ಳುತ್ತಾರೆ. ಕುಡುಕ ಅಂದದ್ದಕ್ಕೆ ತಾಯಿ ತಾನಾಗಿ ಎದ್ದು ಪಕ್ಕಕ್ಕೆ ಬಂದಳು ಅನ್ನುತ್ತಾರೆ. ಮೊದಲು ಅನ್ನುವವಳು ಮಲ್ಲಕ್ಕನೇ. ಹುಡುಗನಿಗೆ ಅವನ ಹೆಸರು ಸಿಗುತ್ತದೆ. ನಕ್ಷೆಯೂ ಸುಳ್ಳಾಗುವುದಿಲ್ಲ, ಏಕೆಂದರೆ ಕಲ್ಲು ನಿಲ್ಲುವುದು ಅವಳ ಜಾಗದಲ್ಲೇ.

ಬಗ್ಗಿ ಗುಂಡನ್ನು ಎತ್ತಿ ನೋಡಿದಳು. ಭಾರವಿತ್ತು, ಆದರೆ ಅಷ್ಟು ದೂರ ಹೊರಬಹುದಾಗಿತ್ತು.

"ಅಮ್ಮಾ, ಏನ್ ಮಾಡ್ತಿದೀಯ ಅಲ್ಲಿ?" ಮಗಳು ಒಳಗಿನಿಂದ ಕೂಗಿದಳು.

"ಏನಿಲ್ಲ ಕಣೇ, ಕಾಲ್ ತೊಳೀತಿದೀನಿ," ಎಂದು ಜಯಕ್ಕ ಗುಂಡಿಗೆ ಮೆತ್ತಿದ್ದ ಮಣ್ಣನ್ನು ಒಂದು ಚೊಂಬು ನೀರಿನಿಂದ ತೊಳೆದು, ಬೇಗ ಕೈಗೆ ಸಿಗುವಂತೆ ಬಾಗಿಲ ಪಕ್ಕದಲ್ಲಿ ಇಟ್ಟಳು.