ಎದುರು ಮನೆಯ ಮಾತು

ಪಂಕಜಂ ಮತ್ತು ಅವಳ ಗಂಡ ಕೃಷ್ಣಸಾಮಿ ಲಾಕ್‌ಡೌನಿನಲ್ಲಿ ಊರಲ್ಲೇ ಸಿಕ್ಕಿಹಾಕಿಕೊಂಡಾಗ ನನಗೆ ಒಳಗೊಳಗೇ ಖುಷಿಯಾಗಿತ್ತು. ಸುಳ್ಳೇಕೆ ಹೇಳಲಿ? ತಿರುಪ್ಪೂರಿನಲ್ಲಿ ಬನಿಯನ್‌ಗಳನ್ನು ತುಂಬಿಕೊಂಡು, ಒರಿಸ್ಸಾದವರೆಗೂ ಸಂತೆಯಿಂದ ಸಂತೆಗೆ, ವ್ಯಾನಿನಲ್ಲೇ ಉಂಡು ವ್ಯಾನಿನಲ್ಲೇ ಮಲಗಿ ವರ್ಷವೆಲ್ಲ ತಿರುಗುತ್ತಿದ್ದ ಜೋಡಿ ಅದು. ಪಲ್ಲಡಂನ ನಮ್ಮ ಬೀದಿಯಲ್ಲಿ ಅವರ ಮನೆಗೆ ಸದಾ ಬೀಗ. ಕಾಲಿಗೆ ಚಕ್ರ ಕಟ್ಟಿಕೊಂಡವರು ಇನ್ನು ಎರಡು ಕೋಣೆಯಲ್ಲಿ ಕೂತು ಒಬ್ಬರ ಜುಟ್ಟು ಒಬ್ಬರು ಹಿಡಿಯುತ್ತಾರೆ, ನೋಡೋಣ ಎಂದುಕೊಂಡೆ.

ಜುಟ್ಟು ಹಿಡಿಯುವುದಿರಲಿ, ಅವರು ನಗುನಗುತ್ತಾ ಇದ್ದರು. ವ್ಯಾನಿನಲ್ಲಿ ಬಾಳಿದವರಿಗೆ ಎರಡು ಕೋಣೆಯೇ ಅರಮನೆ. ಒಂದು ಕೊಡ ನೀರಿನಲ್ಲಿ ಇಬ್ಬರ ಸ್ನಾನವೂ ಮುಗಿಯುತ್ತಿತ್ತು. ಅವಳು ಒಲೆಯ ಮುಂದೆ ನಿಂತರೆ ಅವನು ಹೇಳಿಸಿಕೊಳ್ಳದೆ ಎದ್ದು ಜಗುಲಿಗೆ ಬಂದು ಕೂರುತ್ತಿದ್ದ. ತಡೆಯಲಾರದೆ ಒಂದು ದಿನ ನಲ್ಲಿಯ ಹತ್ತಿರ ಕೇಳಿಯೇಬಿಟ್ಟೆ.

"ನಿಮ್ಗೆ ಜಗಳಾನೇ ಬರಲ್ವಾ ಅಕ್ಕ?"

"ಬರ್ದೆ ಏನು? ವಂಡಿ ಒಳಗೆ ಮುನಿಸ್ಕೊಂಡು ಎಲ್ಲಿಗೆ ಹೋಗ್ಲಿ ಹೇಳು. ಮುಂದಿನ ಟೀ ಅಂಗಡಿ ಬರೋದ್ರೊಳಗೆ ಮುಗಿಸ್ಬೇಕು. ಈಗ ಟೀ ನಾನೇ ಕಾಯಿಸ್ತೀನಿ, ಅಷ್ಟೇ."

ನನ್ನ ಹೊಟ್ಟೆಗೆ ಬೆಂಕಿ ಬಿತ್ತು.

ನಮ್ಮದು ಪವರ್‌ಲೂಮ್ ಮನೆ. ಮದುವೆಯಾದ ವಾರದಿಂದಲೇ ನಾನೂ ನನ್ನ ಗಂಡ ಕುಮರೇಶನ್ನೂ ಮಗ್ಗದ ಶೆಡ್ಡಿನಲ್ಲಿ ನಿಂತವರು. ಆ ಸದ್ದಿನಲ್ಲಿ ಮಾತು ಕಿವಿಗೆ ಬೀಳುವುದಿಲ್ಲ, ತುಟಿ ನೋಡಿ ತಿಳಿದುಕೊಳ್ಳಬೇಕು. ನೂಲು ಹರಿಯಿತು, ಊಟಕ್ಕೆ ಬಾ, ಮಗಳಿಗೆ ಜ್ವರ, ಎಲ್ಲವೂ ತುಟಿಯಲ್ಲೇ. ಸಂಸಾರವನ್ನೇ ಹಾಗೆ ನಡೆಸಿದ್ದೆವು. ಈಗ ಮಗಳು ಗಂಡನ ಮನೆಯಲ್ಲಿ, ಮಗ್ಗಗಳು ನಿಂತಿದ್ದವು, ಮನೆ ಬಿಕೋ ಎನ್ನುತ್ತಿತ್ತು. ಇವರು ಶೆಡ್ಡಿನಲ್ಲೇ ಬಿದ್ದಿರುತ್ತಿದ್ದರು. ಬಾಯಿ ತೆರೆದರೆ ಅಭ್ಯಾಸಬಲದಿಂದ ಕೂಗು. ಸಾರಿಗೆ ಉಪ್ಪಿಲ್ಲ ಎಂದರೆ ಬೀದಿಯ ತುದಿಗೂ ಕೇಳುತ್ತಿತ್ತು. ನಾನೇನು ಕಡಿಮೆಯೇ, ನಾನೂ ಕೂಗುತ್ತಿದ್ದೆ. ಕೂಗಿ ಆಡುವ ಮಾತು ಎಷ್ಟಿದ್ದೀತು? ಬೇಗನೆ ಮುಗಿದುಹೋಯಿತು.

ಅವರಿಬ್ಬರು ಮಾತ್ರ ಬೆಳಗಿನಿಂದ ಸಂಜೆಯವರೆಗೆ ಅದೇನು ಆಡುತ್ತಾರೆ? ಅದು ತಿಳಿಯದೆ ನನಗೆ ಅನ್ನ ಇಳಿಯುವಂತಿರಲಿಲ್ಲ. ಬೀದಿ ಕಿರಿದು, ನಮ್ಮ ಅಡುಗೆಮನೆಯ ಕಿಟಕಿಗೆ ಎದುರಾಗಿ ಅವರ ಕಿಟಕಿ. ದನಿ ಕೇಳದಿದ್ದರೇನು, ತುಟಿ ಕಾಣುತ್ತಿತ್ತಲ್ಲ. ಮೊರದಲ್ಲಿ ಬೇಳೆ ಆರಿಸುವ ನೆಪ ಮಾಡಿಕೊಂಡು ದಿನಾ ನಿಂತೆ.

ಏನೋ ಗುಟ್ಟು ಸಿಗುತ್ತದೆ ಎಂದುಕೊಂಡಿದ್ದೆ. "ಆ ಸೇತುವೆ ಹತ್ರ ಮಾವಿನಕಾಯಿ ಕೊಟ್ಲಲ್ಲ, ನೆನಪಿದ್ದಾಳಾ?" ಎನ್ನುತ್ತಿದ್ದ ಅವನು. "ನಿಮ್ಗೆ ಬರೀ ಅವಳೇ ನೆನಪು" ಎನ್ನುತ್ತಿದ್ದಳು ಇವಳು. ಇಷ್ಟೇ. ಇಷ್ಟಕ್ಕೇ ಆ ಹೆಂಗಸಿನ ಮುಖ ಹಾಗೆ ಅರಳುತ್ತಿತ್ತು. ನಮಗಿಬ್ಬರಿಗೆ ನೆನಪಿಸಿಕೊಳ್ಳಲು ಒಂದು ಸೇತುವೆಯೂ ಇರಲಿಲ್ಲ. ನನಗೆ ಅವಳ ಮೇಲೆ ಎಷ್ಟು ಸಿಟ್ಟು ಬಂತೆಂದರೆ, ಅವರ ಮನೆಯ ಹಾಲು ಒಡೆಯಲಿ ಎಂದು ಬೇಡಿಕೊಂಡದ್ದೂ ಉಂಟು.

ಒಂದು ಮಧ್ಯಾಹ್ನ ಕೃಷ್ಣಸಾಮಿ ನನ್ನ ಕಡೆ ಕಣ್ಣು ಹಾಯಿಸಿ ಹೆಂಡತಿಗೆ ಹೇಳಿದ.

"ಗೋಮತಿ ಮತ್ತೆ ನಿಂತಿದ್ದಾಳೆ. ಕಿಟಕಿ ಮುಚ್ಲಾ?"

"ಪಾವಂ, ನೋಡ್ಲಿ ಬಿಡಿ," ಅಂದಳು ಪಂಕಜಂ. "ಅವಳ ಮನೇಲಿ ಮಾತಾಡೋರಿಲ್ಲ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ತಿರುಗಿ ಬೈಯಲು ನನಗೂ ಬರುತ್ತದೆ. ಅವಳು ನನ್ನನ್ನು ಪಾಪ ಎಂದಳಲ್ಲ, ಅದನ್ನು ಎಲ್ಲಿಡಲಿ?

ಮೊರ ಕೆಳಗಿಟ್ಟು ಶೆಡ್ಡಿನಲ್ಲಿದ್ದ ಗಂಡನ ಹತ್ತಿರ ಹೋದೆ. "ಮಾಮ," ಅಂದೆ. ಕಿರುಚಿದಂತೆ ಬಂತು. "ಏನು?" ಎಂದು ಅವರೂ ಕಿರುಚಿದರು. ಇದೂ ಎದುರು ಮನೆಗೆ ಕೇಳಿರುತ್ತದೆ ಅನ್ನಿಸಿತು. ಸೀದಾ ಹೋಗಿ ಸ್ವಿಚ್ ಒತ್ತಿ ಒಂದು ಮಗ್ಗವನ್ನು ಓಡಿಸಿಬಿಟ್ಟೆ. ನೂಲಿಲ್ಲದ ಖಾಲಿ ಮಗ್ಗ. ಪೊಲೀಸರ ಕಿವಿಗೆ ಬಿದ್ದರೆ ಶೆಡ್ಡಿಗೆ ಸೀಲು ಬೀಳುತ್ತಿತ್ತು.

ಅವರು ಗಾಬರಿಯಿಂದ ಎದ್ದು ನಿಲ್ಲಿಸಲು ಕೈ ಚಾಚಿದರು. ನನ್ನ ಮುಖ ನೋಡಿ ಕೈ ಹಿಂದಕ್ಕೆ ತೆಗೆದುಕೊಂಡರು.

"ಏನಾಯ್ತು?" ಎಂದು ತುಟಿಯಲ್ಲಿ ಕೇಳಿದರು.

ಆಮೇಲೆ ನಾನು ಮಾತು ನಿಲ್ಲಿಸಲೇ ಇಲ್ಲ. ಹೊಟ್ಟೆಕಿಚ್ಚು, ಸೇತುವೆ, ಒಡೆಯಲಿ ಎಂದ ಹಾಲು, ಕಡೆಗೆ ಪಂಕಜಂ ಆಡಿದ ಮಾತು, ಎಲ್ಲ ಹೇಳಿದೆ. ಮದುವೆಯಾದ ಮೇಲೆ ಅವರ ಹತ್ತಿರ ಒಂದೇ ಸಲಕ್ಕೆ ಅಷ್ಟು ಮಾತಾಡಿದ್ದು ಅದೇ ಮೊದಲು.

ಅವರು ಶೆಡ್ಡಿನ ಕಿಟಕಿಯತ್ತ ನೋಡಿದರು. ಅಲ್ಲಿಂದಲೂ ಆ ಮನೆ ಕಾಣುತ್ತದೆ ಎಂಬುದು ನನಗೆ ಹೊಳೆದೇ ಇರಲಿಲ್ಲ.

"ಗೊತ್ತು," ಅಂದರು. "ನಿನ್ನೆ ನನ್ನ ನೋಡಿ, ಪಾವಂ, ಅವನ ಹೆಂಡ್ತಿ ಅವನ ಹತ್ರ ಮಾತೇ ಆಡಲ್ಲ ಅಂದ್ಲು."

ಮಗ್ಗ ಓಡುತ್ತಲೇ ಇತ್ತು. ಪಕ್ಕದಲ್ಲಿ ಕೂತರೆ ತುಟಿ ಕಾಣುವುದಿಲ್ಲ, ಅವರ ಎದುರಿಗೇ ಕೂತೆ.