ಎರಡನೇ ರೆಕ್ಕೆ

"ಸೀರೆ ಕೊಡಮ್ಮ ಬೀರಕ್ಕ," ಎಂದು ಹೆಣಕ್ಕೆ ಎರೆದ ನೆರೆಮನೆಯ ನಾರಮ್ಮ ಮೂರನೇ ಸಲ ಕೈ ಚಾಚಿದಳು. ಬೀರಕ್ಕ ಕಂಕುಳಲ್ಲಿದ್ದ ಗಂಟನ್ನು ಇನ್ನಷ್ಟು ಬಿಗಿಯಾಗಿ ಅದುಮಿ ಹಿಡಿದಳು.

ಹೆಣಕ್ಕೆ ನೀರು ಹುಯ್ದಾಗಿತ್ತು. ಅರಿಶಿನ ಹಚ್ಚಿ, ಹಣೆಗೆ ಕಾಸಗಲ ಕುಂಕುಮ ಇಟ್ಟಾಗಿತ್ತು. ಹೊರಗೆ ಬೀದಿಯಲ್ಲಿ ಚಟ್ಟ ಕಟ್ಟಿ ಮುಗಿಸಿದವರು ಬೀಡಿ ಹಚ್ಚಿಕೊಂಡು ನಿಂತಿದ್ದರು. ಮುತ್ತೈದೆಯಾಗಿ ಹೋದವಳಿಗೆ ತವರಿನ ಸೀರೆ ಹೊದಿಸದೆ ಎತ್ತುವಂತಿಲ್ಲ. ಅಪ್ಪ, ಅಮ್ಮ, ಅಣ್ಣ ಯಾರೂ ಉಳಿಯದ ಆ ತವರಿಗೆ ಈಗ ಅಕ್ಕ ಬೀರಕ್ಕ ಒಬ್ಬಳೇ. ತಂಗಿ ನಾಗರತ್ನ ಮೂರು ದಿನದ ಜ್ವರಕ್ಕೆ ತೀರಿಕೊಂಡಳು ಎಂಬ ಸುದ್ದಿ ಬಂದದ್ದೇ ತಡ, ಕಲ್ಯಾಣದುರ್ಗದಿಂದ ಮೊದಲ ಬಸ್ಸು ಹತ್ತಿ ಹಿಂದೂಪುರಕ್ಕೆ ಬಂದಿದ್ದಳು. ಬರುವಾಗ ಅವಳಲ್ಲಿ ಇದ್ದದ್ದು ಅಳು ಮಾತ್ರ. ಸಿಟ್ಟು ಹತ್ತಿದ್ದು ವೆಂಕಟರಾಮಪ್ಪ ಬಂದ ಮೇಲೆ.

ವೆಂಕಟರಾಮಪ್ಪ ನೇಕಾರರ ಸಂಘದ ಅಧ್ಯಕ್ಷ. ಹೆಣಕ್ಕೆ ಹಾರ ಹಾಕಿ, ನಾಗರತ್ನಳ ಗಂಡ ಶ್ರೀರಾಮುಲುವಿನ ಹೆಗಲ ಮೇಲೆ ಕೈಯಿಟ್ಟು, ನೆರೆದವರ ಕಡೆ ತಿರುಗಿದ್ದ.

"ಹಿಂದೂಪುರದ ಮಗ್ಗಕ್ಕೆಲ್ಲ ಹಾರೋ ಚಿಟ್ಟೆ ಬರ್ಕೊಟ್ಟ ಮನುಷ್ಯ ಕಣ್ರಪ್ಪ ಇವ್ನು. ಇಂಥೋನಿಗೆ ಹಿಂಗಾಗ್ಬಾರ್ದಿತ್ತು, ಪಾಪಂ."

ಶ್ರೀರಾಮುಲು ತಲೆ ತಗ್ಗಿಸಿದ. ಅಲ್ಲ ಅನ್ನಲಿಲ್ಲ. ಗೋಡೆಯ ಮೇಲೆ ಕಟ್ಟು ಹಾಕಿಸಿದ ಪೇಪರಿನ ಫೋಟೋದಲ್ಲೂ ಅವನು ಹಾಗೇ ತಲೆ ತಗ್ಗಿಸಿ, ಶಾಲು ಹೊದ್ದು ನಿಂತಿದ್ದ. ಚಿಟ್ಟೆಯಂಚಿನ ಸೀರೆಗೆಂದು ಅನಂತಪುರದಲ್ಲಿ ಸನ್ಮಾನ ಮಾಡಿದ್ದರು. ಅವತ್ತು ನಾಗರತ್ನ ಮನೆಯಲ್ಲಿ ಇಪ್ಪತ್ತು ಜನಕ್ಕೆ ಅಡಿಗೆ ಮಾಡಿದ್ದಳು.

ಬೀರಕ್ಕ ಎದ್ದು ನಿಂತಳು. "ಸೀರೆ ಕೊಡ್ತೀನಿ. ಆ ಚಿಟ್ಟೆ ಬರ್ದೋರು ಯಾರು ಅಂತ ಶ್ರೀರಾಮುಲು ಈ ಜನದ ಮುಂದೆ ಒಂದು ಮಾತು ಹೇಳ್ಲಿ. ಆಮ್ಯಾಕೆ ಕೊಡ್ತೀನಿ."

*

ನಾಲ್ಕು ವರ್ಷದ ಹಿಂದೆ ಮಳೆಗಾಲದಲ್ಲಿ ನಾಗರತ್ನ ಅಕ್ಕನ ಮಗಳ ಬಾಣಂತನಕ್ಕೆಂದು ಕಲ್ಯಾಣದುರ್ಗಕ್ಕೆ ಬಂದಿದ್ದಳು. ಬರುವಾಗ ಕಂಕುಳಲ್ಲಿ, ಸೀರೆಯ ನಕ್ಷೆಯನ್ನು ಚೌಕ ಚೌಕವಾಗಿ ತುಂಬುವ ಗ್ರಾಫ್ ಹಾಳೆಯ ಸುರುಳಿ ಇತ್ತು. ಶ್ರೀರಾಮುಲುವಿಗೆ ಮಗ್ಗ ಗೊತ್ತಿತ್ತು, ನೂಲು ಗೊತ್ತಿತ್ತು. ಪೆನ್ಸಿಲು ಮಾತ್ರ ಅವನ ಮಾತು ಕೇಳುತ್ತಿರಲಿಲ್ಲ. ಮದುವೆಯಾದಾಗಿನಿಂದ ಸೀರೆಯ ಹೂವು, ಮಾವಿನಕಾಯಿ, ನವಿಲು ಎಲ್ಲವನ್ನೂ ಬರೆಯುತ್ತಿದ್ದವಳು ಅವಳೇ. ಈ ಸಲ ಸೀರೆಯಂಗಡಿಯ ಸೇಟು ಅವಳ ಚಿಟ್ಟೆಯನ್ನು ವಾಪಸು ಕಳಿಸಿದ್ದ. ಇದು ಗೋಡೆಗೆ ಅಂಟಿಕೊಂಡ ಹಾಗಿದೆ, ನನಗೆ ಹಾರುವುದು ಬೇಕು ಅಂದಿದ್ದನಂತೆ.

ಪರಿಗಿಯ ಹತ್ತಿರದ ಅವರ ತವರಿನಲ್ಲಿ ಅಪ್ಪ ರೇಷ್ಮೆ ಸಾಕುತ್ತಿದ್ದ. ಗೂಡು ಒಡೆದು ಬಂದ ರೇಷ್ಮೆ ಪತಂಗ ರೆಕ್ಕೆಯನ್ನು ಪಟಪಟ ಬಡಿಯುತ್ತದೆ, ಹಾರಲಾರದು. "ಚಿಕ್ಕೋಳಿದ್ದಾಗಿಂದ ನಾನು ಕಣ್ತುಂಬ ನೋಡಿರೋದು ಹಾರ್ದಿರೋ ಹುಳನೇ ಕಣಕ್ಕ," ಎಂದು ನಾಗರತ್ನ ನಕ್ಕಿದ್ದಳು.

ದಿನಾ ಬೆಳಿಗ್ಗೆ ಕೂಸಿಗೆ ಎರೆದು ಮಲಗಿಸಿದ ಮೇಲೆ, ಮನೆಯ ಹಿಂದಿನ ಗುಡ್ಡದ ಬುಡದಲ್ಲಿ ತಂಗಡಿ ಗಿಡಗಳ ನಡುವೆ ಹೋಗಿ ಕೂರುತ್ತಿದ್ದಳು. ಹಳದಿ ಹೂವಿಗೆ ಹಳದಿ ಚಿಟ್ಟೆ. ನಲವತ್ತು ದಾಟಿದ ಹೆಂಗಸು ಗಿಡ ನೋಡುತ್ತ ಕೂತರೆ ನೋಡಿದವರು ಏನಂದಾರು ಎಂದು ಬೀರಕ್ಕ ಬೈದಳು. ತಂಗಿ ಕೇಳಲಿಲ್ಲ. ಬರೆದಳು, ಅಳಿಸಿದಳು, ಹಾಳೆ ಹರಿದು ಒಲೆಗೆ ಹಾಕಿದಳು. ಹನ್ನೆರಡನೇ ದಿನವೋ ಏನೋ, ಸೀರೆಯ ನೆರಿಗೆಗೆಲ್ಲ ಮುಳ್ಳು ಅಂಟಿಸಿಕೊಂಡು ಓಡುತ್ತ ಬಂದಳು.

"ಅಕ್ಕ, ನಾನು ಎರಡು ರೆಕ್ಕೆನೂ ಒಂದೇ ಸಮ ಬರೀತಿದ್ದೆ. ಹಾರೋವಾಗ ಹಂಗಿರಲ್ಲ. ನಮ್ಮ ಕಡೇದು ಅಗಲ ಕಾಣ್ತದೆ. ಆ ಕಡೇದು ಬರೀ ಒಂದು ಗೀಟು, ಅಷ್ಟೇ. ಮೈ ಓರೆ."

ಮೊರ ಬೋರಲು ಹಾಕಿ, ಅದರ ಮೇಲೆ ಹಾಳೆಯಿಟ್ಟು ಬರೆದಳು. ಬೀರಕ್ಕ ಬಗ್ಗಿ ನೋಡಿದಳು. ಚಿಟ್ಟೆ ಹಾಳೆಯಂಚು ದಾಟಿ ಹೊರಟೇ ಹೋಗುತ್ತದೇನೋ ಅನ್ನಿಸಿತು. ಕೆಳಗೆ ಮೂಲೆಯಲ್ಲಿ ನಾಗರತ್ನ ತೆಲುಗಿನಲ್ಲಿ ದುಂಡಗೆ ಗಂಡನ ಹೆಸರು ಬರೆದಳು.

ನಿನ್ನ ಹೆಸರೆಲ್ಲಿ ಎಂದು ಬೀರಕ್ಕ ಕೇಳಿದ್ದಕ್ಕೆ ಅವಳು ತಲೆಯೆತ್ತದೆ ಹೇಳಿದಳು: "ಹೆಂಗಸು ಬರ್ದಿದ್ದು ಅಂದ್ರೆ ಯಾರೂ ಮಗ್ಗಕ್ಕೆ ಏರ್ಸಲ್ಲ ಅಂತಾರೆ ಕಣಕ್ಕ ನಮ್ಮನೆಯೋರು."

ಅವತ್ತು ಬೀರಕ್ಕನೂ ಸುಮ್ಮನಾಗಿಬಿಟ್ಟಳು.

*

ಅಂದು ಸುಮ್ಮನಿದ್ದದ್ದೇ ಈಗ ಅವಳ ಎದೆಯೊಳಗೆ ಕೆಂಡದಂತೆ ಉರಿಯುತ್ತಿತ್ತು. ಯಾರೋ ತಿಥಿ ಆದಮೇಲೆ ಮಾತಾಡಿಕೊಳ್ಳಿ ಅಂದರು. ಇನ್ಯಾರೋ ಬಿಸಿಲು ಏರುತ್ತಿದೆ, ಹೆಣ ಕಾಯಿಸಬಾರದು ಅಂದರು. ನಾಗರತ್ನಳ ಮಗಳು ಅನಿತಾ ಬಂದು ತೋಳು ಹಿಡಿದಳು.

"ಬ್ಯಾಡ ದೊಡ್ಡಮ್ಮ. ಅಪ್ಪನ ಮರ್ವಾದೆ ಹೋಗ್ತದೆ."

"ನಿಮ್ಮಮ್ಮನ ಮರ್ವಾದೆ ಎಲ್ಲೈತೆ, ತೋರ್ಸು."

ಅನಿತಾ ಕೈ ಬಿಟ್ಟಳು.

ವೆಂಕಟರಾಮಪ್ಪನಿಗೆ ಇದು ಅತಿಯಾಯಿತು. ಸಾವಿನ ಮನೆಯೆಂದು ದನಿ ತಗ್ಗಿಸಿಯೇ ಹೇಳಿದ. "ನಿಮ್ಮ ತಂಗಿ ಚೌಕ ತುಂಬಿರ್ಬೋದು, ಕೈಗೆ ಕೈ ಜೋಡ್ಸಿರ್ಬೋದು. ಡಿಸೈನ್ ಅಂದ್ರೆ ತಲೆ ಬೇಕು ಕಣಮ್ಮ."

ಬೀರಕ್ಕ ಸುತ್ತ ಕಣ್ಣಾಡಿಸಿದಳು. ಕಿಟಕಿಯ ಕಟ್ಟೆಯ ಮೇಲೆ, ನೂಲಿಗೆ ಗುರುತು ಹಾಕಲು ಇಟ್ಟಿದ್ದ ಸೀಮೆಸುಣ್ಣದ ತುಂಡು ಕಂಡಿತು. ಅದನ್ನು ತೆಗೆದು ಶ್ರೀರಾಮುಲುವಿನ ಮುಂದೆ ಹಿಡಿದಳು.

"ಬರಿ. ಒಂದೇ ಒಂದು ಚಿಟ್ಟೆ ಬರಿ. ಸೀರೆ ಕೊಟ್ಟು, ನಿನ್ನ ಕಾಲಿಗೆ ಬಿದ್ದು ಹೋಯ್ತೀನಿ."

ಬೇರೆ ದಾರಿ ಕಾಣದೆ ಶ್ರೀರಾಮುಲು ಸೀಮೆಸುಣ್ಣ ತೆಗೆದುಕೊಂಡು ಹೆಂಡತಿಯ ತಲೆದೆಸೆಯಲ್ಲಿ ಕುಕ್ಕರುಗಾಲಲ್ಲಿ ಕೂತ. ನಾಲ್ಕು ವರ್ಷ ಮಗ್ಗದ ಮೇಲೆ ದಿನಾ ಕಂಡ ಚಿಟ್ಟೆ. ಮೊದಲ ರೆಕ್ಕೆ ಸೊಟ್ಟಪಟ್ಟ ಬಂತು. ಮೈ ಬಂತು. ಆಮೇಲೆ ಕೈ ನಿಂತಿತು. ಸೀಮೆಸುಣ್ಣ ನೆಲಕ್ಕೆ ತಾಗಿಸಿದ, ಎತ್ತಿದ, ಮತ್ತೆ ತಾಗಿಸಿದ. ಬೆವರಿನ ಹನಿಯೊಂದು ಗೆರೆಯ ಮೇಲೆ ಬಿದ್ದು ಹರಡಿತು.

"ಎರಡನೇ ರೆಕ್ಕೆ ಎಂಗೆ ಅಂತ ನಂಗೊತ್ತಿಲ್ಲ," ಎಂದ ನೆಲ ನೋಡುತ್ತ.

"ಜೋರಾಗಿ."

"ನಂಗೆ ಬರಲ್ಲ ಅಕ್ಕ. ಒಂದೂ ನಾನು ಬರ್ದಿದ್ದಲ್ಲ. ಎಲ್ಲಾ ಅವ್ಳೇ."

ಬೀಡಿ ಸೇದುತ್ತಿದ್ದವರು ಬಾಗಿಲಿಗೆ ಬಂದು ಇಣುಕಿದರು. ಅಲ್ಲಿಯವರೆಗೆ ಕಣ್ಣೀರು ಹಾಕದ ಅನಿತಾ ಗೋಡೆಗೆ ಮುಖ ಕೊಟ್ಟು ಬಿಕ್ಕಿದಳು. ಈ ಮಾತು ಬಂದರೆ ಎದೆ ತಣ್ಣಗಾದೀತೆಂದು ಬೀರಕ್ಕ ಅಂದುಕೊಂಡಿದ್ದಳು. ತಣ್ಣಗಾಗಲಿಲ್ಲ. ಒಂದು ಉಸಿರಿನಷ್ಟೂ ಹಿಡಿಯದ ಮಾತು. ಇದನ್ನು ಹೇಳಲು ಅವನಿಗೆ ಇವಳ ಹೆಣ ಬೇಕಾಯಿತಲ್ಲ ಎಂದು ಸಿಟ್ಟು ಇಮ್ಮಡಿಯಾಯಿತು. ಅವನ ಮೇಲೆ, ತನ್ನ ಮೇಲೆ, ಬಾಯಿ ಬಿಡದೆ ಮಲಗಿದ ತಂಗಿಯ ಮೇಲೂ.

ಆದರೂ ಕೊಟ್ಟ ಮಾತು. ಗಂಟು ಬಿಚ್ಚಿ ಹಸಿರು ಸೀರೆಯನ್ನು ತಾನೇ ಹೊದಿಸಿದಳು. ಹೊದಿಸುವಾಗ ನಾಗರತ್ನಳ ಬಲಗೈ ಪಕ್ಕಕ್ಕೆ ಜಾರಿತು. ನಡುಬೆರಳಿನ ಬದಿಯಲ್ಲಿ ಪೆನ್ನು ಒತ್ತಿ ಒತ್ತಿ ಗಟ್ಟಿಯಾದ ಗಂಟು; ಗ್ರಾಫಿನ ಚೌಕ ತುಂಬುವ ಕೆಂಪು ಇಂಕು ಅದರೊಳಕ್ಕೇ ಇಳಿದು, ಅರಿಶಿನದ ನಡುವೆ ಇನ್ನಷ್ಟು ಕೆಂಪಗೆ ಕಾಣುತ್ತಿತ್ತು.

"ಸೀಗೆಪುಡಿ ಹಾಕಿ ಎಷ್ಟು ತಿಕ್ಕಿದ್ರೂ ಹೋಗ್ಲಿಲ್ಲ ಕಣಮ್ಮ," ಎಂದು ನಾರಮ್ಮ ತಪ್ಪು ಮಾಡಿದವಳಂತೆ ಹೇಳಿ, ಕೈಯನ್ನು ಸೀರೆಯೊಳಗೆ ಸೇರಿಸಲು ಬಗ್ಗಿದಳು.

ಬೀರಕ್ಕ ಅವಳನ್ನು ತಡೆದು, ತಂಗಿಯ ಕೈಯನ್ನೆತ್ತಿ ಸೀರೆಯ ಮೇಲೆ, ಎದೆಯ ನಡುವೆ ಇಟ್ಟಳು. ಬಾಯಿಗೆ ಅಕ್ಕಿ ಹಾಕಲು ಜನ ಸಾಲಾಗಿ ಬಂದರು. ಹಾಕಬೇಕಾದರೆ ಆ ಬೆರಳಿನ ಮೇಲೆಯೇ ಬಗ್ಗಬೇಕು. ಒಬ್ಬೊಬ್ಬರಾಗಿ ಬಗ್ಗಿದರು. ಕೊನೆಗೆ ವೆಂಕಟರಾಮಪ್ಪನೂ ಹಿಡಿಯಲ್ಲಿ ಅಕ್ಕಿ ಹಿಡಿದು, ಬಗ್ಗಿದ.